ಪಿ16 ಇಷ್ಟೊಂದು ಇದ್ದೂ ಕ್ಯಾನ್ಸರ್ ಬಂದದ್ದು ಹೇಗೆ?

ಪ್ರಶ್ನೆ: ನನ್ನ ಚಿಕ್ಕಮ್ಮನಿಗೆ 52 ವರ್ಷ. ಮುಟ್ಟು ನಿಂತ ಮೇಲೆ ಮತ್ತೆ ರಕ್ತಸ್ರಾವ ಕಾಣಿಸಿಕೊಂಡಿತು. ಬಯಾಪ್ಸಿ ಮಾಡಿಸಿದಾಗ ಗರ್ಭಕಂಠದ ಕ್ಯಾನ್ಸರ್ ಎಂದು ತಿಳಿಯಿತು. ವರದಿಯ ಕೊನೆಯಲ್ಲಿ ‘ಪಿ16: ಬ್ಲಾಕ್ ಪಾಸಿಟಿವ್’ ಎಂದು ಬರೆದಿದ್ದಾರೆ. ನಾನು ಬಿ.ಎಸ್ಸಿ.ಯಲ್ಲಿ ಜೀವವಿಜ್ಞಾನ ಓದಿದವನು. ಪಿ16 ಎಂಬುದು ಕ್ಯಾನ್ಸರನ್ನು ತಡೆಯುವ ಪ್ರೋಟೀನ್ ಎಂದೇ ಎಲ್ಲ ಕಡೆ ಓದಿದ್ದೇನೆ. ತಡೆಯುವ ಪ್ರೋಟೀನ್ ಅಷ್ಟು ಹೇರಳವಾಗಿದ್ದರೆ ಕ್ಯಾನ್ಸರ್ ಬಂದದ್ದು ಹೇಗೆ? ಇದು ಒಳ್ಳೆಯ ಸೂಚನೆಯೋ ಕೆಟ್ಟ ಸೂಚನೆಯೋ? ಈ ಪ್ರೋಟೀನ್ ಮತ್ತೆ ಕೆಲಸ ಮಾಡುವಂತೆ ಮಾಡುವ ಔಷಧವಿದೆಯೇ? ಅವರಿಗೆ 19 ಮತ್ತು 26 ವರ್ಷದ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಅವರಿಗೂ ಜೀನ್ ಪರೀಕ್ಷೆ ಬೇಕೇ?

ಉತ್ತರ: ವರದಿಯಲ್ಲಿ ಮುದ್ರಣದೋಷವೇನೂ ಇಲ್ಲ, ನೀವು ಓದಿದ್ದೂ ಸುಳ್ಳಲ್ಲ. ಪಿ16 ನಿಜವಾಗಿಯೂ ಗೆಡ್ಡೆ ಬೆಳೆಯದಂತೆ ತಡೆಯುವ ಪ್ರೋಟೀನ್. ನಿಮ್ಮ ಚಿಕ್ಕಮ್ಮನ ಗೆಡ್ಡೆಯಲ್ಲಿ ಅದು ಹಾಳಾಗಿಲ್ಲ, ಅದರ ಕೊರತೆಯೂ ಇಲ್ಲ, ತನ್ನ ಪಾಲಿನ ಕೆಲಸವನ್ನೂ ಬಿಟ್ಟಿಲ್ಲ. ಅದು ಯಾವ ಪ್ರೋಟೀನನ್ನು ಕಾಯಬೇಕಿತ್ತೋ ಆ ಪ್ರೋಟೀನನ್ನು ಒಂದು ವೈರಸ್ ನಾಶ ಮಾಡಿದೆ. ಪಿ16 ಇಷ್ಟೊಂದು ಹೆಚ್ಚಾಗಿರುವುದಕ್ಕೂ ಆ ನಾಶವೇ ಕಾರಣ. ಇದು ಅರ್ಥವಾಗಬೇಕಾದರೆ ಈ ಪ್ರೋಟೀನ್‌ಗಳನ್ನು ಒಂದೊಂದಾಗಿ ನೋಡುವುದನ್ನು ಬಿಟ್ಟು, ಸಂಕೇತದ ಸರಪಳಿಯಲ್ಲಿ ಯಾರು ಯಾರ ಮೇಲಿದ್ದಾರೆ, ಯಾರು ಯಾರ ಕೆಳಗಿದ್ದಾರೆ ಎಂದು ನೋಡಬೇಕು. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಿಮ್ಮ ನಾಲ್ಕೂ ಪ್ರಶ್ನೆಗಳಿಗೆ ಉತ್ತರ ಈ ಸರಪಳಿಯೊಳಗೇ ಇದೆ.

‘ಕ್ಯಾನ್ಸರ್ ತಡೆಯುವ ಪ್ರೋಟೀನ್’ ಎಂದೊಡನೆ ಅದು ಕ್ಯಾನ್ಸರ್ ಕೋಶವನ್ನು ಹುಡುಕಿ ಕೊಲ್ಲುತ್ತದೆ ಎಂಬ ಚಿತ್ರ ಮನಸ್ಸಿಗೆ ಬರುತ್ತದೆ. ಅಂಥ ಕೆಲಸ ಮಾಡುವುದು ರೋಗನಿರೋಧಕ ವ್ಯವಸ್ಥೆ. ಪಿ16, ಆರ್‌ಬಿ, ಪಿ53 ಮುಂತಾದವು ಆರೋಗ್ಯವಂತ ಕೋಶದ ಒಳಗೇ ಅಗತ್ಯವಿದ್ದಾಗ ಅಗತ್ಯವಿದ್ದಷ್ಟು ಇದ್ದು, ‘ವಿಭಜನೆಯಾಗು’ ಎಂಬ ಆದೇಶ ಎಲ್ಲಿಯವರೆಗೆ ಹೋಗಬೇಕು, ಎಷ್ಟು ಹೊತ್ತು ಇರಬೇಕು, ಯಾವಾಗ ಅಡಗಬೇಕು ಎಂಬುದನ್ನು ನಿರ್ಧರಿಸುತ್ತವೆ. ಕ್ಯಾನ್ಸರ್ ಇಲ್ಲದ ದೇಹದಲ್ಲಿಯೂ ಅವುಗಳಿಗೆ ದಿನವಿಡೀ ಕೆಲಸವಿದೆ.

ಆದೇಶದ ದಾರಿ ಹೀಗಿದೆ. ಕೋಶದ ಹೊರಗಿನಿಂದ ಬೆಳವಣಿಗೆಯ ಅಂಶವೊಂದು ಬಂದು ಕೋಶಪೊರೆಯ ಮೇಲಿನ ಗ್ರಾಹಕಕ್ಕೆ ಅಂಟುತ್ತದೆ. ಒಳಗೆ ರಾಸ್ ಎಂಬ ಪ್ರೋಟೀನ್ ಚಾಲೂ ಆಗುತ್ತದೆ. ಅಲ್ಲಿಂದ ರಾಫ್, ಮೆಕ್, ಇಆರ್‌ಕೆ ಎಂಬ ಮೂರು ಕೈನೇಸ್‌ಗಳು ಒಂದಕ್ಕೊಂದು ಫಾಸ್ಫೇಟ್ ಅಂಟಿಸುತ್ತಾ ಸಂದೇಶವನ್ನು ಕೋಶಕೇಂದ್ರಕ್ಕೆ ಒಯ್ಯುತ್ತವೆ. ಅದರ ಫಲವಾಗಿ ಸೈಕ್ಲಿನ್ ಡಿ ತಯಾರಾಗುತ್ತದೆ. ಸೈಕ್ಲಿನ್ ಡಿ ಹೋಗಿ ಸಿಡಿಕೆ4 ಮತ್ತು ಸಿಡಿಕೆ6 ಎಂಬ ಕೈನೇಸ್‌ಗಳ ಜೊತೆ ಸೇರುತ್ತದೆ. ಈ ಜೋಡಿಯ ಗುರಿ ಆರ್‌ಬಿ.

ಇನ್ನು ಮುಂದಿನ ಕಥೆಯೆಲ್ಲ ಆರ್‌ಬಿಯ ಸುತ್ತಲೇ ನಡೆಯುತ್ತದೆ. ಇದರ ಪೂರ್ತಿ ಹೆಸರು ರೆಟಿನೊಬ್ಲಾಸ್ಟೋಮಾ ಪ್ರೋಟೀನ್. ಪುಟ್ಟ ಮಕ್ಕಳ ಕಣ್ಣಿಗೆ ಬರುವ ಒಂದು ಕ್ಯಾನ್ಸರಿನಿಂದ ಬಂದ ಹೆಸರು. ಕೆಲವು ಮಕ್ಕಳಲ್ಲಿ ಈ ಗೆಡ್ಡೆ ಎರಡೂ ಕಣ್ಣುಗಳಲ್ಲಿ, ಎಳೆಯ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ. ಇನ್ನು ಕೆಲವರಲ್ಲಿ ಒಂದೇ ಕಣ್ಣಿಗೆ, ಸ್ವಲ್ಪ ತಡವಾಗಿ ಬರುತ್ತದೆ. 1971ರಲ್ಲಿ ಆಲ್ಫ್ರೆಡ್ ನಡ್ಸನ್ ಈ ಎರಡು ಗುಂಪುಗಳ ವಯಸ್ಸಿನ ಲೆಕ್ಕ ಹಾಕಿ, ಕ್ಯಾನ್ಸರ್ ಹುಟ್ಟಲು ಎರಡು ಪೆಟ್ಟು ಬೀಳಬೇಕು, ಮೊದಲ ಗುಂಪಿನ ಮಕ್ಕಳು ಒಂದು ಪೆಟ್ಟನ್ನು ಹುಟ್ಟುವಾಗಲೇ ಹೊತ್ತು ತಂದಿರುತ್ತಾರೆ ಎಂದು ಊಹಿಸಿದರು. ಜೀನನ್ನು ಯಾರೂ ಕಂಡಿರದ ಕಾಲದಲ್ಲಿ, ಆಸ್ಪತ್ರೆಯ ದಾಖಲೆಗಳನ್ನಷ್ಟೇ ಇಟ್ಟುಕೊಂಡು ಮಾಡಿದ ಊಹೆ ಅದು. ಅದನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ. 1986ರಲ್ಲಿ ಹದಿಮೂರನೆಯ ವರ್ಣತಂತುವಿನಲ್ಲಿ ಆ ಜೀನ್ ಸಿಕ್ಕಿತು. ನಡ್ಸನ್ ಹೇಳಿದಂತೆಯೇ, ಗೆಡ್ಡೆಯ ಕೋಶಗಳಲ್ಲಿ ಅದರ ಎರಡೂ ಪ್ರತಿಗಳು ಹಾಳಾಗಿದ್ದವು.

ಆರ್‌ಬಿ 928 ಅಮೈನೊ ಆಮ್ಲಗಳ ದೊಡ್ಡ ಪ್ರೋಟೀನ್. ಅದರ ನಡುವೆ ಪಾಕೆಟ್ ಎಂದು ಕರೆಯುವ ಒಂದು ಭಾಗವಿದೆ. ಕೋಶ ಸುಮ್ಮನಿರುವಾಗ ಆರ್‌ಬಿ ಈ ಭಾಗದ ನೆರವಿನಿಂದ ಇ2ಎಫ್ ಎಂಬ ಪ್ರೋಟೀನ್‌ಗಳನ್ನು ಹಿಡಿದಿಟ್ಟಿರುತ್ತದೆ. ಡಿಎನ್‌ಎ ನಕಲು ಮಾಡಲು ಬೇಕಾದ ಹತ್ತಾರು ಜೀನ್‌ಗಳನ್ನು ಚಾಲೂ ಮಾಡುವುದು ಇ2ಎಫ್. ಅದು ಆರ್‌ಬಿಯ ಹಿಡಿತದಲ್ಲಿರುವಷ್ಟು ಹೊತ್ತು ಕೋಶ ವಿಭಜನೆಗೆ ಹೊರಡುವುದಿಲ್ಲ. ಸೈಕ್ಲಿನ್ ಡಿ ಮತ್ತು ಸಿಡಿಕೆ4 ಬಂದು ಆರ್‌ಬಿಯ ಮೇಲೆ ಫಾಸ್ಫೇಟ್ ಅಂಟಿಸತೊಡಗಿದಾಗ ಹಿಡಿತ ಸಡಿಲವಾಗುತ್ತದೆ. ಅವು ಆರಂಭಿಸಿದ್ದನ್ನು ಸೈಕ್ಲಿನ್ ಇ ಮತ್ತು ಸಿಡಿಕೆ2 ಪೂರ್ತಿ ಮಾಡುತ್ತವೆ. ಇ2ಎಫ್ ಬಿಡುಗಡೆಯಾಗುತ್ತದೆ. ಅಲ್ಲಿಂದ ಮುಂದೆ ಹೊರಗಿನ ಆದೇಶ ನಿಂತರೂ ಕೋಶ ಹಿಂದಿರುಗುವುದಿಲ್ಲ.

ಪಿ16ರ ಸ್ಥಾನ ಇದಕ್ಕಿಂತ ಒಂದು ಮೆಟ್ಟಿಲು ಮೇಲೆ. 1993ರಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದಲ್ಲಿ ಮ್ಯಾನುಯೆಲ್ ಸೆರಾನೊ, ಗ್ರೆಗರಿ ಹ್ಯಾನನ್ ಮತ್ತು ಡೇವಿಡ್ ಬೀಚ್ ಇದನ್ನು ಗುರುತಿಸಿದರು. ಕೇವಲ 156 ಅಮೈನೊ ಆಮ್ಲಗಳ ಈ ಚಿಕ್ಕ ಪ್ರೋಟೀನ್ ಸಿಡಿಕೆ4 ಮತ್ತು ಸಿಡಿಕೆ6ರ ಪಕ್ಕೆಗೆ ಅಂಟಿಕೊಂಡು, ಅವುಗಳ ಆಕಾರವನ್ನೇ ಸ್ವಲ್ಪ ತಿರುಚಿ, ಸೈಕ್ಲಿನ್ ಡಿ ಬಂದು ಕೂರದಂತೆ ಮಾಡುತ್ತದೆ. ಸೈಕ್ಲಿನ್ ಇಲ್ಲದ ಸಿಡಿಕೆಗೆ ಶಕ್ತಿಯಿಲ್ಲ. ಆಗ ಆರ್‌ಬಿಯ ಮೇಲೆ ಫಾಸ್ಫೇಟ್ ಬೀಳುವುದಿಲ್ಲ, ಇ2ಎಫ್ ಬಂಧನದಲ್ಲೇ ಉಳಿಯುತ್ತದೆ. ವಯಸ್ಸಾದ ಅಥವಾ ಬಹಳ ಒತ್ತಡ ಕಂಡ ಕೋಶಗಳು ಶಾಶ್ವತವಾಗಿ ವಿಭಜನೆ ನಿಲ್ಲಿಸುವುದಕ್ಕೆ ಪಿ16 ಏರುವುದೇ ಒಂದು ಮುಖ್ಯ ಕಾರಣ.

ಈಗ ನಮ್ಮ ಊರ ಕೆರೆಯೊಂದನ್ನು ನೆನಪಿಸಿಕೊಳ್ಳಿ. ಕೆರೆಯ ನೀರು ಇ2ಎಫ್, ಅದನ್ನು ಹಿಡಿದು ನಿಲ್ಲಿಸಿರುವ ಏರಿ ಆರ್‌ಬಿ, ತೂಬು ತೆಗೆಯುವವನು ಸಿಡಿಕೆ4, ಅವನ ಕೈ ಹಿಡಿದು ತಡೆಯುವವನು ಪಿ16. ಏರಿ ಗಟ್ಟಿಯಾಗಿರುವಾಗ ಇವರಿಬ್ಬರ ಹಗ್ಗಜಗ್ಗಾಟಕ್ಕೆ ಅರ್ಥವಿದೆ. ಏರಿಯೇ ಒಡೆದುಹೋದ ಮೇಲೆ ತೂಬಿನ ಬಳಿ ನೂರು ಜನರನ್ನು ಕಾವಲಿಗೆ ನಿಲ್ಲಿಸಿದರೂ ನೀರು ನಿಲ್ಲುವುದಿಲ್ಲ. ನಿಮ್ಮ ಚಿಕ್ಕಮ್ಮನ ವರದಿ ಹೇಳುತ್ತಿರುವುದು ಇದನ್ನೇ.

ಏರಿ ಒಡೆದದ್ದು ಎಚ್‌ಪಿವಿ, ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಇದರಿಂದಲೇ ಬರುತ್ತವೆ. ಅದರಲ್ಲೂ 16 ಮತ್ತು 18 ಎಂಬ ಎರಡು ತಳಿಗಳ ಪಾಲು ಸುಮಾರು 70%. ಹೆರಾಲ್ಡ್ ಝುರ್ ಹೌಸೆನ್ ಮತ್ತು ಅವರ ಸಹೋದ್ಯೋಗಿಗಳು ಜರ್ಮನಿಯಲ್ಲಿ ಈ ತಳಿಗಳನ್ನು 1983 ಮತ್ತು 1984ರಲ್ಲಿ ಗೆಡ್ಡೆಗಳಿಂದಲೇ ಹೊರತೆಗೆದು ತೋರಿಸಿದರು. 2008ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ವೈರಸ್ಸಿಗೆ ಕ್ಯಾನ್ಸರ್ ಉಂಟುಮಾಡುವುದರಿಂದ ಯಾವ ಲಾಭವೂ ಇಲ್ಲ. ಅದಕ್ಕೆ ಬೇಕಾದದ್ದು ತನ್ನ ನಕಲು. ಎಚ್‌ಪಿವಿಯ ಡಿಎನ್‌ಎ ಸುಮಾರು 8,000 ಜೋಡಿ ಅಕ್ಷರಗಳಷ್ಟು ಮಾತ್ರ. ಡಿಎನ್‌ಎಯನ್ನು ನಕಲು ಮಾಡುವ ಪಾಲಿಮರೇಸ್ ಕೂಡ ಅದರ ಬಳಿ ಇಲ್ಲ, ಆತಿಥೇಯ ಕೋಶದ್ದನ್ನೇ ಬಳಸಿಕೊಳ್ಳಬೇಕು. ಗರ್ಭಕಂಠದ ಒಳಪದರದಲ್ಲಾದರೋ ತಳದ ಕೋಶಗಳು ಮಾತ್ರ ವಿಭಜನೆಯಾಗುತ್ತವೆ. ಮೇಲಕ್ಕೆ ಸರಿದಂತೆ ಅವು ಬಲಿತು, ವಿಭಜನೆ ನಿಲ್ಲಿಸಿ, ಕೊನೆಗೆ ಉದುರಿಹೋಗುತ್ತವೆ. ವೈರಸ್ ಹೊಸ ಪ್ರತಿಗಳನ್ನು ಮಾಡುವುದು ಈ ಮೇಲಿನ ಕೋಶಗಳಲ್ಲಿ, ಅಂದರೆ ನಕಲು ಯಂತ್ರವನ್ನೇ ಮುಚ್ಚಿಟ್ಟಿರುವ ಕೋಶಗಳಲ್ಲಿ. ಮುಚ್ಚಿದ ಯಂತ್ರವನ್ನು ತೆರೆಸಲು ಅದು ಇ7 ಎಂಬ ಪ್ರೋಟೀನನ್ನು ತಯಾರಿಸುತ್ತದೆ.

ಎಚ್‌ಪಿವಿ 16ರ ಇ7ನಲ್ಲಿ ಇರುವುದು 98 ಅಮೈನೊ ಆಮ್ಲ. ಅದರಲ್ಲಿ 22ರಿಂದ 26ರವರೆಗಿನ ಐದು ಮಾತ್ರ ನೋಡಿ: ಲ್ಯೂಸಿನ್, ಟೈರೋಸಿನ್, ಸಿಸ್ಟೀನ್, ಟೈರೋಸಿನ್, ಗ್ಲುಟಮಿಕ್ ಆಮ್ಲ. ಆರ್‌ಬಿಯ ಪಾಕೆಟ್‌ನಲ್ಲಿರುವ ಒಂದು ತಗ್ಗಿಗೆ ಈ ಐದರ ತುಣುಕು ಕರಾರುವಾಕ್ಕಾಗಿ ಹೊಂದುತ್ತದೆ. ಇ7 ಅಲ್ಲಿ ಕೂತು ಇ2ಎಫ್‌ನ ಮೇಲಿನ ಹಿಡಿತವನ್ನು ಬಿಡಿಸುತ್ತದೆ. ಅಷ್ಟಕ್ಕೇ ನಿಲ್ಲದೆ ಆರ್‌ಬಿಯನ್ನು ಕೋಶದ ಪ್ರೋಟೀನ್ ಚೂರುಮಾಡುವ ಯಂತ್ರಕ್ಕೆ ತಳ್ಳುತ್ತದೆ. ಜನನಾಂಗದ ನರುಳ್ಳೆಗಳನ್ನಷ್ಟೇ ಉಂಟುಮಾಡುವ 6 ಮತ್ತು 11ರಂಥ ತಳಿಗಳಲ್ಲಿಯೂ ಇ7 ಇದೆ, ಆದರೆ ಅದು ಆರ್‌ಬಿಗೆ ಅಂಟುವುದು ದುರ್ಬಲವಾಗಿ. ನರುಳ್ಳೆಗೂ ಕ್ಯಾನ್ಸರಿಗೂ ನಡುವಿನ ಅಂತರದ ದೊಡ್ಡ ಭಾಗ ಇಂಥ ಕೆಲವೇ ಅಮೈನೊ ಆಮ್ಲಗಳ ವ್ಯತ್ಯಾಸದಲ್ಲಿ ಅಡಗಿದೆ.

ಇಲ್ಲಿ ಇನ್ನೊಬ್ಬ ಕಾವಲುಗಾರ ಎಚ್ಚರಗೊಳ್ಳುತ್ತಾನೆ. ಹೊರಗಿನಿಂದ ಆದೇಶವೇ ಇಲ್ಲದೆ ಇ2ಎಫ್ ಅಕಾಲದಲ್ಲಿ ಬಿಡುಗಡೆಯಾದರೆ ಕೋಶ ಅದನ್ನು ಅಪಾಯವೆಂದೇ ಓದುತ್ತದೆ. ಪಿ53 ಎಂಬ ಪ್ರೋಟೀನ್ ಏರತೊಡಗುತ್ತದೆ. ಸಾಮಾನ್ಯ ಕೋಶದಲ್ಲಿ ಪಿ53 ಹುಟ್ಟಿದಷ್ಟೇ ಬೇಗ ನಾಶವಾಗುತ್ತಿರುತ್ತದೆ, ಎಂಡಿಎಂ2 ಎಂಬ ಪ್ರೋಟೀನ್ ಅದನ್ನು ಹಿಡಿದುಹಿಡಿದು ಚೂರುಯಂತ್ರಕ್ಕೆ ಒಪ್ಪಿಸುತ್ತದೆ. ಎಂಡಿಎಂ2ವನ್ನು ಕಟ್ಟಿಹಾಕುವ ಎಆರ್‌ಎಫ್ ಎಂಬ ಪ್ರೋಟೀನೊಂದಿದೆ. ಎಆರ್‌ಎಫ್ ಮತ್ತು ಪಿ16 ಎರಡೂ ಒಂಬತ್ತನೆಯ ವರ್ಣತಂತುವಿನ ಒಂದೇ ಜೀನ್ ತಾಣದಿಂದ ಬರುತ್ತವೆ. ಒಂದೇ ಅಕ್ಷರಮಾಲೆಯನ್ನು ಒಂದಕ್ಷರ ಆಚೀಚೆಯಿಂದ ಓದಲು ಶುರುಮಾಡಿದರೆ ಬೇರೆಯೇ ಪ್ರೋಟೀನ್ ಸಿಗುತ್ತದೆ. ಒಂದು ಆರ್‌ಬಿಯನ್ನು ಕಾಯುತ್ತದೆ, ಇನ್ನೊಂದು ಪಿ53ಯನ್ನು ಕಾಯುತ್ತದೆ. ಮಾನವನ ಜೀನ್‌ಗಳಲ್ಲಿ ಇಷ್ಟು ಅಚ್ಚರಿಯ ತಾಣ ಇನ್ನೊಂದಿದೆ ಎಂದು ನನಗೆ ಅನಿಸುವುದಿಲ್ಲ. ಇ2ಎಫ್ ಮಿತಿಮೀರಿದಾಗ ಎಆರ್‌ಎಫ್ ಏರುವುದು ಪಿ53 ಎಚ್ಚರಗೊಳ್ಳುವ ದಾರಿಗಳಲ್ಲಿ ಒಂದು. ಎಚ್ಚರಗೊಂಡ ಪಿ53 ಮೊದಲು ಪಿ21 ಎಂಬ ಪ್ರೋಟೀನನ್ನು ಮಾಡಿಸಿ ಸಿಡಿಕೆ2ವನ್ನು ನಿಲ್ಲಿಸುತ್ತದೆ. ಪರಿಸ್ಥಿತಿ ಕೈಮೀರಿದೆ ಎನಿಸಿದರೆ ಕೋಶವನ್ನೇ ಸಾಯಿಸುತ್ತದೆ.

ಆದ್ದರಿಂದ ಇ7 ಒಂದೇ ಇದ್ದರೆ ವೈರಸ್ಸಿಗೆ ಆಪತ್ತು, ಆಶ್ರಯ ಕೊಟ್ಟ ಕೋಶವೇ ಸತ್ತುಹೋಗುತ್ತದೆ. ಅದಕ್ಕಾಗಿ ಇ6 ಇದೆ. ಇ6 ಕೋಶದ್ದೇ ಆದ ಇ6ಎಪಿ ಎಂಬ ಕಿಣ್ವವನ್ನು ಜೊತೆ ಸೇರಿಸಿಕೊಂಡು ಪಿ53ಯನ್ನು ನೇರವಾಗಿ ಚೂರುಯಂತ್ರಕ್ಕೆ ಕಳುಹಿಸುತ್ತದೆ. ಎಂಡಿಎಂ2ವನ್ನು ಕಟ್ಟಿಹಾಕಿದರೂ ಈ ದಾರಿ ಮುಚ್ಚುವುದಿಲ್ಲ. ಇ7 ಆರ್‌ಬಿಗೆ ಅಂಟುತ್ತದೆ ಎಂಬುದು 1989ರಲ್ಲಿ, ಇ6 ಪಿ53ಯನ್ನು ನಾಶಮಾಡುತ್ತದೆ ಎಂಬುದು 1990ರಲ್ಲಿ ಗೊತ್ತಾಯಿತು. ಮರುವರ್ಷ ಪ್ರಕಟವಾದ ಒಂದು ಅಧ್ಯಯನ ಇನ್ನೂ ಸೊಗಸಾದದ್ದು. ಪ್ರಯೋಗಾಲಯದಲ್ಲಿ ಬೆಳೆಸಿದ ಗರ್ಭಕಂಠದ ಕ್ಯಾನ್ಸರ್ ಕೋಶಗಳ ಪೈಕಿ ವೈರಸ್ ಇದ್ದವುಗಳಲ್ಲಿ ಪಿ53 ಮತ್ತು ಆರ್‌ಬಿ ಜೀನ್‌ಗಳು ಕಳಂಕವಿಲ್ಲದೆ ಇದ್ದವು. ವೈರಸ್ ಇಲ್ಲದ ಎರಡು ಬಗೆಯ ಕೋಶಗಳಲ್ಲಿ ಈ ಎರಡೂ ಜೀನ್‌ಗಳಿಗೆ ಮ್ಯುಟೇಶನ್, ಅಂದರೆ ಅಕ್ಷರಗಳ ಬದಲಾವಣೆ, ಆಗಿತ್ತು. ವೈರಸ್ ಕೆಡವಲಿ, ಮ್ಯುಟೇಶನ್ ಕೆಡವಲಿ, ಕ್ಯಾನ್ಸರಾಗಲು ಈ ಎರಡು ದಾರಿಗಳ ತಡೆಯೂ ಬಿದ್ದುಹೋಗಲೇಬೇಕಿತ್ತು.

ಒಂದು ಮಾತು ಇಲ್ಲಿ ಹೇಳಲೇಬೇಕು. ಎಚ್‌ಪಿವಿ ಲೈಂಗಿಕ ಸಂಪರ್ಕದಿಂದ ತಗಲುವುದು ಅತ್ಯಂತ ಸಾಮಾನ್ಯ. ತಗಲಿದವರಲ್ಲಿ ಬಹುತೇಕರಿಗೆ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ. ಆ ಪೈಕಿ ಕೆಲವರಲ್ಲಿ ವೈರಸ್ಸಿನ ಡಿಎನ್‌ಎ ತುಂಡಾಗಿ ಕೋಶದ ವರ್ಣತಂತುವಿನೊಳಗೆ ಸೇರಿಕೊಳ್ಳುತ್ತದೆ. ಹಾಗೆ ಸೇರುವಾಗ ಇ6 ಮತ್ತು ಇ7ಗಳನ್ನು ಹತೋಟಿಯಲ್ಲಿಡುತ್ತಿದ್ದ ವೈರಸ್ಸಿನದೇ ಇ2 ಎಂಬ ಪ್ರೋಟೀನ್ ಅನೇಕ ಸಲ ಕಳೆದುಹೋಗುತ್ತದೆ. ಸೋಂಕು ತಗಲಿ ಕ್ಯಾನ್ಸರ್ ಆಗುವವರೆಗೆ ಸಾಮಾನ್ಯವಾಗಿ ಹತ್ತು ಇಪ್ಪತ್ತು ವರ್ಷ ಹಿಡಿಯುತ್ತದೆ. ಆದ್ದರಿಂದ ಈ ಕಾಯಿಲೆಯನ್ನು ಯಾರ ನಡತೆಯ ಜೊತೆಗೂ ತಳುಕು ಹಾಕಬೇಡಿ. ಮನೆಯಲ್ಲಿ ಯಾರಾದರೂ ಹಾಗೆ ಪಿಸುಗುಟ್ಟಿದರೆ ದಯವಿಟ್ಟು ಅಲ್ಲೇ ತಡೆಯಿರಿ. ಚಿಕಿತ್ಸೆಗೆ ಬರುವ ಹೆಂಗಸರು ಈ ಅಪವಾದದ ಭಯದಿಂದಲೇ ತಿಂಗಳುಗಟ್ಟಲೆ ತಡಮಾಡುವುದನ್ನು ಕಂಡು ನನಗೆ ಸಂಕಟವಾಗುತ್ತದೆ.

ಪಿ16 ಏರಿದ್ದೇಕೆ ಎಂಬುದಕ್ಕೆ ಈಗ ಬರೋಣ. ಆರೋಗ್ಯವಂತ ಕೋಶದಲ್ಲಿ ಪಿ16ರ ಜೀನ್ ಬಹುಮಟ್ಟಿಗೆ ಮುಚ್ಚಿರುತ್ತದೆ. ಅದರ ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನ್‌ಗಳ ಮೇಲೆ ಮೀಥೈಲ್ ಗುರುತುಗಳಿದ್ದು, ಅವು ‘ಓದಬೇಡ’ ಎಂದು ಸೂಚಿಸುತ್ತವೆ. ಆರ್‌ಬಿ ಸರಿಯಾಗಿರುವಾಗ ಈ ಮೌನ ಉಳಿಯುತ್ತದೆ. ಇ7 ಬಂದಾಗ ಆ ಗುರುತುಗಳನ್ನು ಅಳಿಸುವ ಕೆಡಿಎಂ6ಬಿ ಎಂಬ ಕಿಣ್ವ ಹೆಚ್ಚಾಗುತ್ತದೆ, ಪಿ16ರ ಜೀನ್ ತೆರೆದುಕೊಳ್ಳುತ್ತದೆ. ಕೋಶ ತನ್ನನ್ನು ತಾನು ನಿಲ್ಲಿಸಿಕೊಳ್ಳಲು ಮಾಡುವ ಪ್ರಯತ್ನವಿದು. ಮಾಮೂಲಿ ಸ್ಥಿತಿಯಲ್ಲಾದರೆ ಇಷ್ಟು ಪಿ16 ಕಂಡ ಕೋಶ ಮತ್ತೆಂದೂ ವಿಭಜನೆಯಾಗುತ್ತಿರಲಿಲ್ಲ. ಆದರೆ ಪಿ16ರ ಆದೇಶವನ್ನು ಜಾರಿಗೆ ತರಬೇಕಾದ ಆರ್‌ಬಿ ಇಲ್ಲ. ಕೆಳಗೆ ಯಾರೂ ಕೇಳಿಸಿಕೊಳ್ಳದ ಆದೇಶ ಮೇಲೆ ಹೆಚ್ಚುತ್ತಲೇ ಹೋಗುತ್ತದೆ. ಆರ್‌ಬಿ ಜೀನ್ ಕಳೆದುಕೊಂಡ ಶ್ವಾಸಕೋಶದ ಸ್ಮಾಲ್ ಸೆಲ್ ಕ್ಯಾನ್ಸರಿನಲ್ಲಿಯೂ ಪಿ16 ಹೀಗೆಯೇ ಏರಿರುತ್ತದೆ, ಅಲ್ಲಿ ವೈರಸ್ಸಿನ ಪಾತ್ರವೇ ಇಲ್ಲ.

2013ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಇದಕ್ಕಿಂತಲೂ ಮುಂದಕ್ಕೆ ಹೋಯಿತು. ಗರ್ಭಕಂಠದ ಕ್ಯಾನ್ಸರ್ ಕೋಶಗಳಿಂದ ಪಿ16ಯನ್ನು ತೆಗೆದುಹಾಕಿದಾಗ ಕೋಶಗಳು ಇನ್ನಷ್ಟು ಜೋರಾಗಿ ಬೆಳೆಯಲಿಲ್ಲ, ಸತ್ತುಹೋದವು! ಆರ್‌ಬಿ ಇಲ್ಲದ ಆ ಕೋಶಗಳಿಗೆ ಸಿಡಿಕೆ4 ಮತ್ತು ಸಿಡಿಕೆ6 ತಲೆಯೆತ್ತದಿರುವುದೇ ಬದುಕಿನ ಆಧಾರವಾಗಿಬಿಟ್ಟಿತ್ತು. ಒಂದೇ ಪ್ರೋಟೀನ್, ಸರಪಳಿ ಸರಿಯಿದ್ದಾಗ ಕ್ಯಾನ್ಸರನ್ನು ತಡೆಯುತ್ತದೆ, ಸರಪಳಿ ಮುರಿದಾಗ ಕ್ಯಾನ್ಸರ್ ಕೋಶವನ್ನೇ ಪೊರೆಯುತ್ತದೆ. ‘ಒಳ್ಳೆಯ ಪ್ರೋಟೀನ್’, ‘ಕೆಟ್ಟ ಪ್ರೋಟೀನ್’ ಎಂಬ ವಿಂಗಡಣೆ ಇಂಥ ಕಡೆ ಕುಸಿದುಬೀಳುತ್ತದೆ.

ಸೂಕ್ಷ್ಮದರ್ಶಕದ ಕೆಳಗೆ ಇದು ಹೇಗೆ ಕಾಣುತ್ತದೆ ಎಂದು ನೀವು ತಿಳಿಯಬೇಕು. ಬಯಾಪ್ಸಿಯ ತೆಳು ಹೋಳಿನ ಮೇಲೆ ಪಿ16ಗೆ ಮಾತ್ರ ಅಂಟುವ ಆ್ಯಂಟಿಬಾಡಿ ಹಾಕಿ ಬಣ್ಣ ಬರಿಸುತ್ತೇವೆ, ಪಿ16 ಇದ್ದಲ್ಲಿ ಕಂದು ಮೂಡುತ್ತದೆ. ಆರೋಗ್ಯವಂತ ಪದರದಲ್ಲಿ ಕಂದು ಇರುವುದಿಲ್ಲ, ಇದ್ದರೂ ಅಲ್ಲೊಂದು ಇಲ್ಲೊಂದು ಕೋಶದಲ್ಲಿ ಚದುರಿರುತ್ತದೆ. ವೈರಸ್ ಆರ್‌ಬಿಯನ್ನು ಕೆಡವಿದ ಕಡೆ ತಳದ ಸಾಲಿನಿಂದ ಹಿಡಿದು ಮೇಲಕ್ಕೆ, ಬಿಡುವಿಲ್ಲದೆ, ಕೋಶಕೇಂದ್ರವೂ ಅದರ ಸುತ್ತಲಿನ ದ್ರವ್ಯವೂ ಗಾಢ ಕಂದಾಗಿರುತ್ತವೆ. ‘ಬ್ಲಾಕ್ ಪಾಸಿಟಿವ್’ ಎಂದರೆ ಇದು. ಇನ್ನೊಂದು ಪರೀಕ್ಷೆಯಲ್ಲಿ ಪಿ16ಗೆ ಕಂದು, ವಿಭಜನೆಯ ಹಾದಿಯಲ್ಲಿರುವ ಕೋಶಗಳ ಗುರುತಾದ ಕೆಐ-67ಗೆ ಕೆಂಪು, ಹೀಗೆ ಎರಡು ಬಣ್ಣ ಒಟ್ಟಿಗೆ ಹಾಕುತ್ತಾರೆ. ಸರಪಳಿ ಸರಿಯಿರುವ ಕೋಶದಲ್ಲಿ ಇವೆರಡೂ ಒಟ್ಟಿಗೆ ಇರಲಾರವು, ಪಿ16 ಏರಿದರೆ ವಿಭಜನೆ ನಿಲ್ಲಲೇಬೇಕು. ಕಂದು ಕೋಶದ ನಡುವೆ ಕೆಂಪು ಕೇಂದ್ರ ಕಂಡರೆ, ಅಂಥ ಒಂದು ಕೋಶವೇ ಸಾಕು, ಅಲ್ಲಿ ಆರ್‌ಬಿಯ ದಾರಿ ಕಡಿದುಹೋಗಿದೆ ಎಂದು ಗುಮಾನಿಪಡಲು. ಕ್ಯಾನ್ಸರ್ ಆಗುವ ಮೊದಲೇ ಅಪಾಯವನ್ನು ಗುರುತಿಸಲು ಈ ತರ್ಕ ಬಳಕೆಯಲ್ಲಿದೆ.

ಪಿ16 ಎಲ್ಲ ಕ್ಯಾನ್ಸರ್‌ಗಳಲ್ಲೂ ಏರಿರುತ್ತದೆ ಎಂದುಕೊಳ್ಳಬೇಡಿ. ಚರ್ಮದ ಮೆಲನೋಮಾ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಮಿದುಳಿನ ಗ್ಲಿಯೋಬ್ಲಾಸ್ಟೋಮಾ ಇಂಥವುಗಳಲ್ಲಿ ಆರ್‌ಬಿ ಸಾಮಾನ್ಯವಾಗಿ ಉಳಿದಿದ್ದು ಪಿ16 ಕಳೆದುಹೋಗಿರುವುದೇ ಹೆಚ್ಚು. ಕೆರೆಯ ಏರಿ ಒಡೆದಿಲ್ಲ, ತೂಬಿನ ಕಾವಲುಗಾರ ಇಲ್ಲ. ಗುಟ್ಕಾ, ತಂಬಾಕಿನಿಂದ ಬರುವ ಬಾಯಿ ಕ್ಯಾನ್ಸರಿನಲ್ಲಿಯೂ ಪಿ16 ಕಳೆದುಹೋಗಿರುವುದನ್ನು ಮತ್ತೆ ಮತ್ತೆ ಕಾಣುತ್ತೇವೆ. ಪಿ53ಯ ಬಣ್ಣವನ್ನು ಓದುವಾಗಲೂ ಇದೇ ಎಚ್ಚರ ಬೇಕು. ಮ್ಯುಟೇಶನ್ ಆದ ಪಿ53 ಕೆಲಸ ಮಾಡದೆ, ನಾಶವೂ ಆಗದೆ ಕೋಶದಲ್ಲಿ ರಾಶಿಬಿದ್ದು ಗಾಢವಾಗಿ ಕಾಣಿಸಬಹುದು. ವರದಿಯಲ್ಲಿ ‘ಪಾಸಿಟಿವ್’ ಎಂದು ಕಂಡದ್ದನ್ನೆಲ್ಲ ಅಂತರ್ಜಾಲದಲ್ಲಿ ಒಂದೊಂದೇ ಪದವಾಗಿ ಹುಡುಕುವುದು ಈ ಕಾರಣಕ್ಕೇ ದಾರಿ ತಪ್ಪಿಸುತ್ತದೆ.

ಒಳ್ಳೆಯ ಸೂಚನೆಯೋ ಕೆಟ್ಟದ್ದೋ ಎಂದು ಕೇಳಿದ್ದೀರಿ. ಪಿ16 ಪಾಸಿಟಿವ್ ಎಂದರೆ ಈ ಕ್ಯಾನ್ಸರ್ ಎಚ್‌ಪಿವಿಯಿಂದ ಹುಟ್ಟಿದ್ದು ಎಂಬ ಬಲವಾದ ಸುಳಿವು. ಗರ್ಭಕಂಠದಲ್ಲಿ ವೈರಸ್ಸಿಗೆ ಸಂಬಂಧವಿಲ್ಲದ ಕ್ಯಾನ್ಸರ್‌ಗಳು ವಿರಳ, ಅವು ಚಿಕಿತ್ಸೆಗೆ ಹೆಚ್ಚು ಮೊಂಡು ಎಂಬ ಅನುಭವವಿದೆ. 2020ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಇವೆರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಿದೆ. ಗಂಟಲಿನ ಹಿಂಭಾಗದ ಕ್ಯಾನ್ಸರಿನಲ್ಲಿ ಅಂತರ ಇನ್ನೂ ಸ್ಪಷ್ಟ. 2010ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ವಿಕಿರಣ ಮತ್ತು ಕೀಮೋಥೆರಪಿ ಪಡೆದವರ ಪೈಕಿ ಎಚ್‌ಪಿವಿ ಇದ್ದವರಲ್ಲಿ 82.4% ಮಂದಿ, ಇಲ್ಲದವರಲ್ಲಿ 57.1% ಮಂದಿ ಮೂರು ವರ್ಷಗಳ ನಂತರ ಬದುಕಿದ್ದರು. ಈ ಅಂಕಿಗಳನ್ನು ನಿಮ್ಮ ಚಿಕ್ಕಮ್ಮನಿಗೆ ಹಾಗೆಯೇ ಅನ್ವಯಿಸಬೇಡಿ, ಅದು ಬೇರೆ ಜಾಗದ ಕ್ಯಾನ್ಸರ್. ಅವರ ಮಟ್ಟಿಗೆ ಮುಂದಿನ ದಾರಿಯನ್ನು ನಿರ್ಧರಿಸುವುದು ಕಾಯಿಲೆಯ ಹಂತ: ಗೆಡ್ಡೆ ಎಷ್ಟು ದೊಡ್ಡದು, ಅಕ್ಕಪಕ್ಕಕ್ಕೆ, ದುಗ್ಧಗ್ರಂಥಿಗಳಿಗೆ ಹರಡಿದೆಯೇ ಎಂಬುದು. ವೈದ್ಯರನ್ನು ಮೊದಲು ಕೇಳಬೇಕಾದ ಪ್ರಶ್ನೆ ಅದು. ಪಿ16 ಎರಡನೆಯ ಮಾತು.

ಔಷಧದ ವಿಷಯಕ್ಕೆ ಬಂದರೆ, ಪಿ16ರ ಕೆಲಸವನ್ನು ಅನುಕರಿಸುವ ಮಾತ್ರೆಗಳು ಈಗಾಗಲೇ ಇವೆ. ಪಾಲ್ಬೊಸೈಕ್ಲಿಬ್, ರೈಬೊಸೈಕ್ಲಿಬ್, ಅಬೆಮಾಸೈಕ್ಲಿಬ್ ಈ ಮೂರೂ ಸಿಡಿಕೆ4 ಮತ್ತು ಸಿಡಿಕೆ6ನ್ನು ತಡೆಯುತ್ತವೆ. ಮೊದಲನೆಯದಕ್ಕೆ 2015ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಹಾರ್ಮೋನ್ ಗ್ರಾಹಕಗಳಿರುವ ಸ್ತನ ಕ್ಯಾನ್ಸರಿನ ಚಿಕಿತ್ಸೆಯನ್ನೇ ಅವು ಬದಲಿಸಿವೆ, ಏಕೆಂದರೆ ಅಲ್ಲಿ ಆರ್‌ಬಿ ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ. ನಿಮ್ಮ ಚಿಕ್ಕಮ್ಮನ ಗೆಡ್ಡೆಯಲ್ಲಿ ಆ ಕೆಲಸವನ್ನು ಪಿ16 ತಾನೇ ಮಾಡುತ್ತಿದೆ, ಫಲ ಸಿಕ್ಕಿಲ್ಲ. ಮಾತ್ರೆಯಿಂದಲೂ ಸಿಗುವ ನಿರೀಕ್ಷೆಯಿಲ್ಲ. ‘ಕೋಶ ವಿಭಜನೆ ನಿಲ್ಲಿಸುವ ಹೊಸ ಮಾತ್ರೆ’ ಎಂದು ಯಾರಾದರೂ ಹೇಳಿದರೆ ಹಣ ಸುರಿಯುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ. ಇದೇ ತರ್ಕವನ್ನು ಬಹಳ ಜಾಣತನದಿಂದ ತಿರುಗಿಸಿ ಬಳಸಿದ ಔಷಧವೊಂದಿದೆ, ಅದರ ಹೆಸರು ಟ್ರೈಲಾಸೈಕ್ಲಿಬ್. ಶ್ವಾಸಕೋಶದ ಸ್ಮಾಲ್ ಸೆಲ್ ಕ್ಯಾನ್ಸರಿನಲ್ಲಿ ಕೀಮೋಥೆರಪಿಗೆ ಸ್ವಲ್ಪ ಮೊದಲು ಇದನ್ನು ಕೊಡುತ್ತಾರೆ. ಅಸ್ಥಿಮಜ್ಜೆಯ ಕೋಶಗಳಲ್ಲಿ ಆರ್‌ಬಿ ಇರುವುದರಿಂದ ಅವು ತಾತ್ಕಾಲಿಕವಾಗಿ ವಿಭಜನೆ ನಿಲ್ಲಿಸಿ ಕೀಮೋದ ಪೆಟ್ಟಿನಿಂದ ಪಾರಾಗುತ್ತವೆ. ಆರ್‌ಬಿ ಇಲ್ಲದ ಕ್ಯಾನ್ಸರ್ ಕೋಶ ನಿಲ್ಲಲಾರದೆ ಪೆಟ್ಟು ತಿನ್ನುತ್ತದೆ.

ಹಾಗಾದರೆ ಆರ್‌ಬಿಯನ್ನೂ ಪಿ53ಯನ್ನೂ ಮರಳಿ ತರಲು ಸಾಧ್ಯವೇ? ಪ್ರಯೋಗಾಲಯದಲ್ಲಿ ಸಾಧ್ಯವಾಗಿದೆ, ಅದೂ ಹೀಲಾ ಕೋಶಗಳಲ್ಲಿ. 1951ರಲ್ಲಿ ಬಾಲ್ಟಿಮೋರಿನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕಂಠದ ಕ್ಯಾನ್ಸರಿನಿಂದ, ಅವರ ಒಪ್ಪಿಗೆ ಪಡೆಯದೆ, ತೆಗೆದ ಕೋಶಗಳವು. ಎಚ್‌ಪಿವಿ 18 ಸೇರಿಕೊಂಡಿರುವ ಆ ಕೋಶಗಳು ಅಂದಿನಿಂದ ಇಂದಿನವರೆಗೂ ಪ್ರಪಂಚದ ಪ್ರಯೋಗಾಲಯಗಳಲ್ಲಿ ವಿಭಜನೆಯಾಗುತ್ತಲೇ ಇವೆ. 2000ದಲ್ಲಿ ಯೇಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಗುಡ್ವಿನ್ ಮತ್ತು ಡೇನಿಯಲ್ ಡಿಮಾಯೊ ಅವುಗಳೊಳಗೆ ಇ2 ಪ್ರೋಟೀನನ್ನು ಸೇರಿಸಿ ಇ6 ಮತ್ತು ಇ7ನ್ನು ಅಡಗಿಸಿದರು. ಸುಮಾರು ಅರ್ಧ ಶತಮಾನ ತೆಪ್ಪಗಿದ್ದ ಪಿ53 ಮೇಲೆದ್ದಿತು, ಪಿ21 ತಯಾರಾಯಿತು, ಆರ್‌ಬಿ ಮತ್ತೆ ಇ2ಎಫ್‌ನ ಮೇಲೆ ಹಿಡಿತ ಸಾಧಿಸಿತು, ಕೋಶಗಳು ವಿಭಜನೆ ನಿಲ್ಲಿಸಿ ಮುಪ್ಪಾದವು. ಜೀನ್‌ಗಳು ಅಳಿಯದೆ ಉಳಿದಿದ್ದರಿಂದಲೇ ಇದು ಸಾಧ್ಯವಾಯಿತು. ಮ್ಯುಟೇಶನ್‌ನಿಂದ ಪಿ53 ಕಳೆದುಕೊಂಡ ಕ್ಯಾನ್ಸರಿನಲ್ಲಿ ಇಂಥ ಪುನರುತ್ಥಾನಕ್ಕೆ ಆಸ್ಪದವಿಲ್ಲ.

ಗೆಡ್ಡೆಯ ಪ್ರತಿಯೊಂದು ಕೋಶಕ್ಕೂ ಇ2 ತಲುಪಿಸುವ ಉಪಾಯ ಇನ್ನೂ ಕೈಗೆ ಬಂದಿಲ್ಲ. ಆದರೆ ಇ6 ಮತ್ತು ಇ7 ಎರಡೂ ಪರಕೀಯ ಪ್ರೋಟೀನ್‌ಗಳು, ದೇಹದ ಬೇರೆ ಯಾವ ಕೋಶದಲ್ಲೂ ಇಲ್ಲ. ಅವುಗಳನ್ನೇ ಗುರಿಯಾಗಿಸುವ ಚಿಕಿತ್ಸಾ ಲಸಿಕೆಗಳ, ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳ ಪ್ರಯೋಗಗಳು ನಡೆದಿವೆ. ಇವತ್ತು ಕೈಗೆ ಸಿಗುವ ಚಿಕಿತ್ಸೆಯೂ ದುರ್ಬಲವಲ್ಲ. ಆರಂಭದ ಹಂತದಲ್ಲಿ ಶಸ್ತ್ರಚಿಕಿತ್ಸೆ, ಸ್ಥಳೀಯವಾಗಿ ಹರಡಿದ್ದರೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧದ ಜೊತೆಗೆ ವಿಕಿರಣ ಮತ್ತು ಒಳಗಿನಿಂದ ಕೊಡುವ ವಿಕಿರಣವಾದ ಬ್ರಾಕಿಥೆರಪಿ. ಮುಂದುವರಿದ ಕೆಲವು ಹಂತಗಳಲ್ಲಿ ಇದರ ಜೊತೆಗೆ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಸೇರಿಸಲು 2024ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿದ್ದಾರೆ. ವಿಕಿರಣ ಶುರುವಾದ ಮೇಲೆ ದಿನ ತಪ್ಪಿಸದೆ, ಬ್ರಾಕಿಥೆರಪಿಯನ್ನು ಬಿಡದೆ ಪೂರ್ತಿ ಮಾಡಿಸುವುದು ಬಹಳ ಮುಖ್ಯ. ಅರ್ಧಕ್ಕೆ ರಕ್ತಸ್ರಾವ ನಿಂತಿತೆಂದು ಊರಿಗೆ ಮರಳುವವರನ್ನು ಕಂಡಿದ್ದೇನೆ, ಹಾಗಾಗದಂತೆ ನೀವು ಜೊತೆಗಿದ್ದು ನೋಡಿಕೊಳ್ಳಿ.

ಇನ್ನು ಹೆಣ್ಣುಮಕ್ಕಳ ವಿಷಯ. ಇಲ್ಲಿ ಆರ್‌ಬಿ ಮತ್ತು ಪಿ53ಯನ್ನು ಕೆಡವಿದ್ದು ವೈರಸ್, ತಾಯಿಯಿಂದ ಮಗಳಿಗೆ ಹರಿದುಬರುವ ಜೀನ್ ದೋಷವಲ್ಲ. ಆದ್ದರಿಂದ ಈ ವರದಿಯ ಆಧಾರದ ಮೇಲೆ ಅವರಿಗೆ ಜೀನ್ ಪರೀಕ್ಷೆ ಬೇಕಿಲ್ಲ. ಬೇಕಾದದ್ದು ಎಚ್‌ಪಿವಿ ತಡೆಯುವ ಲಸಿಕೆ. ಸೋಂಕು ತಗಲುವ ಮೊದಲು, 9ರಿಂದ 14ರ ವಯಸ್ಸಿನಲ್ಲಿ ಕೊಟ್ಟರೆ ಅದರ ಪ್ರಯೋಜನ ಅತಿ ಹೆಚ್ಚು. 19 ಮತ್ತು 26ರಲ್ಲಿಯೂ ಹಾಕಿಸಬಹುದು, ಎಷ್ಟು ಡೋಸ್ ಎಂಬುದನ್ನು ಸ್ತ್ರೀರೋಗ ತಜ್ಞರು ಹೇಳುತ್ತಾರೆ. 2022ರಲ್ಲಿ ಅನುಮತಿ ಪಡೆದ ನಮ್ಮ ದೇಶದ ಸರ್ವಾವ್ಯಾಕ್ ಕೂಡ 16 ಮತ್ತು 18ನೇ ತಳಿಗಳಿಂದ ರಕ್ಷಣೆ ಕೊಡುತ್ತದೆ. ಲಸಿಕೆಯಲ್ಲಿರುವುದು ವೈರಸ್ಸಿನ ಹೊರಕವಚದ ಪ್ರೋಟೀನ್ ಮಾತ್ರ, ಇ6 ಮತ್ತು ಇ7 ಅದರಲ್ಲಿಲ್ಲ. ಅದರಿಂದ ಸೋಂಕು ಬರುವ ಪ್ರಶ್ನೆಯಿಲ್ಲ. ಅದೇ ಕಾರಣಕ್ಕೆ, ಈಗಾಗಲೇ ಒಳಸೇರಿರುವ ವೈರಸ್ಸನ್ನು ಅದು ಓಡಿಸಲಾರದು. ಹಾಗಾಗಿ ಲಸಿಕೆ ಹಾಕಿಸಿಕೊಂಡರೂ 30 ದಾಟಿದ ಮೇಲೆ ತಪಾಸಣೆ ತಪ್ಪಿಸುವಂತಿಲ್ಲ. ಎಚ್‌ಪಿವಿ ಡಿಎನ್‌ಎ ಪರೀಕ್ಷೆ ಸಿಕ್ಕರೆ ಅದನ್ನೇ ಮಾಡಿಸಿ. ಸಿಗದಿದ್ದರೆ ಪ್ಯಾಪ್ ಪರೀಕ್ಷೆ ಅಥವಾ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಅಸಿಟಿಕ್ ಆಮ್ಲ ಹಚ್ಚಿ ನೋಡುವ ಪರೀಕ್ಷೆಯಾದರೂ ಆಗಲಿ. ಮನೆಯಲ್ಲಿ 30 ದಾಟಿದ ಬೇರೆ ಹೆಂಗಸರಿದ್ದರೆ, ಚಿಕ್ಕಮ್ಮನ ಚಿಕಿತ್ಸೆಗೆ ಆಸ್ಪತ್ರೆಗೆ ಹೋಗುವ ದಿನವೇ ಅವರನ್ನೂ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿ.